ನಿಯತಿ ಮತ್ತು ಪುರುಷಕಾರ: ಆಜೀವಿಕ–ಜೈನ ವಾಗ್ವಾದದ ಒಂದು ಅವಲೋಕನ

ಮಹಾವೀರನ ಕಾಲದ ಶ್ರಮಣ ಪಂಥಗಳು ತಮ್ಮತಮ್ಮೊಳಗೆ ಚರ್ಚಿಸಿದ ವಿಷಯಗಳಲ್ಲಿ ಪುರುಷಕಾರದ ಪ್ರಶ್ನೆ ಬಹು ಮುಖ್ಯವಾದುದು. ಮನುಷ್ಯನ ಪ್ರಯತ್ನಕ್ಕೆ ಫಲವನ್ನು ಬದಲಿಸುವ ಶಕ್ತಿಯಿದೆಯೇ, ಅಥವಾ ಆಗುವುದೆಲ್ಲವೂ ಮೊದಲೇ ನಿಶ್ಚಿತವೇ? ಎಲ್ಲವೂ ನಿಶ್ಚಿತವೆಂದವನು ಆಜೀವಿಕರ ಗುರು ಮಂಖಲಿ ಗೋಶಾಲ. ಪ್ರಯತ್ನವುಂಟು, ಅದಕ್ಕೆ ಫಲವೂ ಉಂಟು ಎಂದವನು ಮಹಾವೀರ. ಈ ವಾದದಲ್ಲಿ ನಿಯತಿವಾದ ಸೋತಿತೆಂಬುದು ರೂಢಿಯ ಮಾತು. ಆದರೆ ಜೈನ ಗ್ರಂಥಗಳನ್ನು ಒಟ್ಟಿಗಿಟ್ಟು ಓದಿದಾಗ ಕಾಣುವ ಚಿತ್ರ ಇಷ್ಟು ಸರಳವಲ್ಲ. ಜೈನ ಚಿಂತಕರು ನಿಯತಿಯನ್ನು ಸಂಪೂರ್ಣವಾಗಿ ಹೊರಗಟ್ಟಲಿಲ್ಲ. ಅದರ ಎಲ್ಲೆಯನ್ನು ಗುರುತಿಸಿದರು.

ಆಜೀವಿಕರದೇ ಆದ ಯಾವ ಗ್ರಂಥವೂ ಉಳಿದುಬಂದಿಲ್ಲ. ಗೋಶಾಲನ ಮಾತು ತಲುಪಿರುವುದು ಅವನ ಎದುರಾಳಿಗಳಾದ ಜೈನ, ಬೌದ್ಧ ಗ್ರಂಥಕಾರರ ಮೂಲಕವೇ. ದೀಘನಿಕಾಯದ ಸಾಮಞ್ಞಫಲ ಸುತ್ತದ ಪ್ರಕಾರ ಅವನ ಮತದಲ್ಲಿ ಬಲವಿಲ್ಲ, ವೀರ್ಯವಿಲ್ಲ, ಪುರುಷಪರಾಕ್ರಮವಿಲ್ಲ. ಎಸೆದ ನೂಲಿನ ಉಂಡೆ ನೂಲು ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತ ಹೋಗುವಂತೆ ಜ್ಞಾನಿಯೂ ಅಜ್ಞಾನಿಯೂ 84 ಲಕ್ಷ ಮಹಾಕಲ್ಪಗಳನ್ನು ಕಳೆದೇ ದುಃಖದ ಕೊನೆಯನ್ನು ಮುಟ್ಟಬೇಕು. ಎದುರಾಳಿಗಳ ವರದಿಯೆಂಬ ಎಚ್ಚರ ಇಲ್ಲಿ ಅಗತ್ಯ. ಇಂಥ ಮತವನ್ನು ನಂಬಿಯೂ ಆಜೀವಿಕರು ಕಠೋರ ತಪಸ್ಸನ್ನಾಚರಿಸುತ್ತಿದ್ದರು. ಅಶೋಕ ಮತ್ತು ಅವನ ಮೊಮ್ಮಗ ದಶರಥ ಬರಾಬರ್, ನಾಗಾರ್ಜುನಿ ಬೆಟ್ಟಗಳ ಗುಹೆಗಳನ್ನು ಅವರಿಗೆ ದಾನ ಮಾಡಿದರು. ತಮಿಳುನಾಡಿನಲ್ಲಿಯೂ ಅದಕ್ಕೆ ತಾಗಿದ ಕರ್ನಾಟಕದ ಪೂರ್ವಭಾಗದಲ್ಲಿಯೂ ಅವರು 14ನೆಯ ಶತಮಾನದವರೆಗೆ ಉಳಿದಿದ್ದರೆಂದು ಎ.ಎಲ್. ಬಾಷಮ್ 1951ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ.

ಶ್ವೇತಾಂಬರ ಆಗಮವಾದ ಭಗವತೀಸೂತ್ರದ 15ನೆಯ ಶತಕದಲ್ಲಿ ಎಳ್ಳಿನ ಗಿಡದ ಪ್ರಸಂಗವೊಂದಿದೆ. ಗೋಶಾಲನು ಮಹಾವೀರನೊಡನೆ ಸಂಚರಿಸುತ್ತಿದ್ದ ಕಾಲವದು. ದಾರಿಯಲ್ಲಿ ಕಂಡ ಎಳ್ಳಿನ ಗಿಡ ಫಲ ಕೊಡುವುದೇ ಎಂದು ಅವನು ಕೇಳುತ್ತಾನೆ. ಕೊಡುವುದು, ಅದರ ಏಳು ಹೂಗಳ ಜೀವಗಳು ಒಂದೇ ಕಾಯಿಯಲ್ಲಿ ಏಳು ಎಳ್ಳಾಗಿ ಹುಟ್ಟುವುವು ಎಂದು ಮಹಾವೀರ ಹೇಳುತ್ತಾನೆ. ಈ ಮಾತನ್ನು ಸುಳ್ಳಾಗಿಸಬೇಕೆಂದು ಗೋಶಾಲ ಹಿಂದೆ ಉಳಿದು ಗಿಡವನ್ನು ಕಿತ್ತೆಸೆಯುತ್ತಾನೆ. ಅಷ್ಟರಲ್ಲಿ ಮಳೆ ಬಂದು ಗಿಡ ಮತ್ತೆ ಬೇರೂರುತ್ತದೆ. ಮರಳಿ ಬರುವಾಗ ಅವನು ಕಾಯಿಯನ್ನು ಬಿಡಿಸಿ ಎಣಿಸುತ್ತಾನೆ; ಏಳೇ ಎಳ್ಳುಗಳು. ಈ ಪ್ರಸಂಗದ ಇಕ್ಕಟ್ಟು ಗಮನಾರ್ಹ. ಗಿಡವನ್ನು ಕಿತ್ತವನು ಗೋಶಾಲ. ಪ್ರಯತ್ನದಿಂದ ಮುಂದಿನದನ್ನು ತಪ್ಪಿಸಬಹುದೆಂದು ಇಲ್ಲಿ ನಂಬಿದವನು ಅವನೇ. ಆ ಪ್ರಯತ್ನವನ್ನು ಸೋಲಿಸಿದ್ದು ಸರ್ವಜ್ಞನ ನುಡಿ. ಜೈನ ಆಗಮವೇ ನಿಯತಿವಾದಕ್ಕೆ ಸಾಕ್ಷ್ಯವೊಂದನ್ನು ಒದಗಿಸಿದಂತಾಯಿತು.

ಇದಕ್ಕೆ ಎದುರಾಗಿ ನಿಲ್ಲುವುದು ಉವಾಸಗದಸಾಓ ಆಗಮದ ಏಳನೆಯ ಅಧ್ಯಯನದಲ್ಲಿರುವ ಸದ್ದಾಲಪುತ್ತನ ಕಥೆ. ಪೋಲಾಸಪುರದ ಈ ಕುಂಬಾರ ಐನೂರು ಮಡಕೆಯಂಗಡಿಗಳ ಒಡೆಯ, ಆಜೀವಿಕ ಉಪಾಸಕ. ಅವನು ಬಿಸಿಲಿಗಿಟ್ಟಿದ್ದ ಮಡಕೆಗಳನ್ನು ತೋರಿಸಿ ಮಹಾವೀರ, ಇವು ಹೇಗಾದುವೆಂದು ಕೇಳುತ್ತಾನೆ. ಮಣ್ಣನ್ನು ನೀರಿನಲ್ಲಿ ಕಲಸಿ, ಬೂದಿ, ಸಗಣಿ ಸೇರಿಸಿ, ಚಕ್ರಕ್ಕೇರಿಸಿದ ಬಗೆಯನ್ನು ಕುಂಬಾರ ವಿವರಿಸುತ್ತಾನೆ. ಇದು ಪ್ರಯತ್ನದಿಂದಾಯಿತೋ ಪ್ರಯತ್ನವಿಲ್ಲದೆಯೋ ಎಂಬ ಪ್ರಶ್ನೆಗೆ, ಪ್ರಯತ್ನವಿಲ್ಲದೆ, ಎಲ್ಲವೂ ನಿಯತ ಎಂದುತ್ತರಿಸುತ್ತಾನೆ. ಹಾಗಾದರೆ ಯಾರಾದರೂ ಈ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಹೆಂಡತಿ ಅಗ್ಗಿಮಿತ್ತೆಯ ಮೈಮೇಲೆ ಬಿದ್ದರೆ ಏನು ಮಾಡುವೆ? ಬೈಯುವೆ, ಹೊಡೆಯುವೆ, ಕೊಲ್ಲಲೂಬಹುದು ಎನ್ನುತ್ತಾನೆ ಕುಂಬಾರ. ಎಲ್ಲವೂ ನಿಯತವಾಗಿದ್ದಲ್ಲಿ ಕದ್ದವನು ಕದ್ದಂತಾಗಲಿಲ್ಲ, ಕೆಡಿಸಿದವನು ಕೆಡಿಸಿದಂತಾಗಲಿಲ್ಲ, ದಂಡನೆ ಯಾರಿಗೆ?

ತರ್ಕದ ದೃಷ್ಟಿಯಿಂದ ಇದು ನಿಯತಿವಾದದ ಖಂಡನೆಯಲ್ಲ. ಕುಂಬಾರನ ಸಿಟ್ಟೂ ನಿಯತವೇ ಎಂದು ಗೋಶಾಲ ಉತ್ತರಿಸಬಹುದಿತ್ತು. ಕಥೆ ತೋರಿಸುವುದು ಬೇರೆಯದನ್ನು: ನಿಯತಿವಾದವನ್ನು ನುಡಿಯಬಹುದು, ನಡೆಯಲಾಗದು. ಇನ್ನೊಬ್ಬನ ಮೇಲೆ ತಪ್ಪು ಹೊರಿಸಿದ ಕ್ಷಣದಲ್ಲಿಯೇ ಕರ್ತೃತ್ವವನ್ನು ಒಪ್ಪಿದಂತಾಗುತ್ತದೆ. ಶ್ರಾವಕನಾದ ಸದ್ದಾಲಪುತ್ತನನ್ನು ಮರಳಿ ಸೆಳೆಯಲು ಗೋಶಾಲ ಬಂದಾಗ, ತನ್ನ ಗುರುವನ್ನು ಹೊಗಳಿದನೆಂಬ ಕಾರಣಕ್ಕೆ ಅವನಿಗೆ ಬೀಡು ಕೊಡುತ್ತೇನೆ, ಧರ್ಮವೆಂದಲ್ಲ ಎಂದು ಕುಂಬಾರ ಸ್ಪಷ್ಟಪಡಿಸುತ್ತಾನೆ. ಕೊಡುವ ಕ್ರಿಯೆಗಿಂತ ಕೊಡುವವನ ಸಂಕಲ್ಪ ಇಲ್ಲಿ ಮುಖ್ಯವಾಗಿದೆ.

ದಿಗಂಬರ ಪರಂಪರೆಯಲ್ಲಿಯೂ ಇದೇ ಇಕ್ಕಟ್ಟು ಬೇರೊಂದು ರೂಪದಲ್ಲಿದೆ. ಚಾವುಂಡರಾಯನ ಗುರುವಾದ ನೇಮಿಚಂದ್ರನು ಗೊಮ್ಮಟಸಾರದ ಕರ್ಮಕಾಂಡದಲ್ಲಿ 363 ಏಕಾಂತಮತಗಳನ್ನು ಎಣಿಸುವಾಗ ನಿಯತಿವಾದವನ್ನು ವಿವರಿಸುತ್ತಾನೆ: ಯಾವುದು, ಯಾವಾಗ, ಯಾವುದರಿಂದ, ಹೇಗೆ, ಯಾರಿಗೆ ಆಗಬೇಕೋ ಅದು ಹಾಗೆಯೇ ಆಗುತ್ತದೆಂಬ ನಂಬಿಕೆ. 1359ರಲ್ಲಿ ಈ ಗ್ರಂಥಕ್ಕೆ ಕನ್ನಡ ವೃತ್ತಿ ಬರೆದವನು ಕೇಶವವರ್ಣಿ. ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬಹುಮಟ್ಟಿಗೆ ಇದೇ ಧಾಟಿಯ ಗಾಹೆಗಳಿವೆ. ಯಾವ ಜೀವಕ್ಕೆ ಯಾವ ದೇಶದಲ್ಲಿ, ಯಾವ ಕಾಲದಲ್ಲಿ, ಯಾವ ವಿಧಾನದಿಂದ ಏನಾಗುವುದೆಂದು ಜಿನನು ಅರಿತಿರುವನೋ ಅದನ್ನು ಇಂದ್ರನೂ ತಪ್ಪಿಸಲಾರನೆಂದು ತಿಳಿದವನು ಅಲ್ಲಿ ಸಮ್ಯಗ್ದೃಷ್ಟಿ. ಒಂದೆಡೆ ಮಿಥ್ಯಾತ್ವ, ಇನ್ನೊಂದೆಡೆ ಸಮ್ಯಕ್ತ್ವ. ವಾಕ್ಯದ ಅಚ್ಚು ಮಾತ್ರ ಒಂದೇ. 20ನೆಯ ಶತಮಾನದಲ್ಲಿ ಸೋನಗಢದ ಕಾನಜಿ ಸ್ವಾಮಿಯವರು ಪ್ರತಿಪಾದಿಸಿದ ಕ್ರಮಬದ್ಧಪರ್ಯಾಯ ಸಿದ್ಧಾಂತದ ಸುತ್ತ ನಡೆದ ವಿವಾದದ ಮೂಲವೂ ಇಲ್ಲಿಯೇ ಇದೆ.

ಈ ಎರಡರ ನಡುವಣ ಅಂತರವನ್ನು ಬಿಡಿಸಿ ಹೇಳಬಲ್ಲದ್ದು ಅನೇಕಾಂತ ದೃಷ್ಟಿ. ಅರಿಯುವುದು ಬೇರೆ, ಆಗಿಸುವುದು ಬೇರೆ. ಸರ್ವಜ್ಞನ ಜ್ಞಾನ ಘಟನೆಗೆ ಜ್ಞಾಪಕವೇ ಹೊರತು ಕಾರಕವಲ್ಲ. ಜೀವವು ಮಾಡುವ ಪ್ರಯತ್ನವೂ ಆ ಜ್ಞಾನದೊಳಗೆ ಪ್ರಯತ್ನವಾಗಿಯೇ ತೋರುತ್ತದೆ. ಸಿದ್ಧಸೇನ ದಿವಾಕರನು ಸನ್ಮತಿತರ್ಕದಲ್ಲಿ ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷ ಎಂಬ ಐದು ಕಾರಣಗಳನ್ನು ಹೆಸರಿಸಿ, ಒಂದೊಂದನ್ನೇ ಹಿಡಿದರೆ ಮಿಥ್ಯಾತ್ವ, ಕೂಡಿಸಿ ಕಂಡರೆ ಸಮ್ಯಕ್ತ್ವ ಎನ್ನುತ್ತಾನೆ. ಸಮಂತಭದ್ರನು ಆಪ್ತಮೀಮಾಂಸೆಯಲ್ಲಿ ಇನ್ನೂ ಖಚಿತವಾದ ಗೆರೆಯನ್ನೆಳೆಯುತ್ತಾನೆ. ಎಲ್ಲವೂ ದೈವದಿಂದಲೇ ಆದರೆ ಆ ದೈವವೇ ಹಿಂದಿನ ಪೌರುಷದಿಂದ ಹುಟ್ಟಿತೆನ್ನಲು ಬಾರದು, ಮೋಕ್ಷವೂ ಇಲ್ಲವಾಗುತ್ತದೆ. ಆದಕಾರಣ ಬುದ್ಧಿಪೂರ್ವಕವಲ್ಲದೆ ಬಂದ ಇಷ್ಟಾನಿಷ್ಟಗಳನ್ನು ದೈವಕ್ಕೂ, ಬುದ್ಧಿಪೂರ್ವಕವಾಗಿ ಬಂದವನ್ನು ಪೌರುಷಕ್ಕೂ ಸಲ್ಲಿಸಬೇಕೆಂಬುದು ಅವನ ನಿರ್ಣಯ.

ಜನ್ನನ ಯಶೋಧರ ಚರಿತೆಯಲ್ಲಿ (1209) ಈ ನಿರ್ಣಯ ಕಾವ್ಯವಾಗಿ ಮೈದಳೆದಿದೆ ಎನ್ನಬಹುದು. ಯಶೋಧರ ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಹಿಂಸೆ ಅವನನ್ನೂ ತಾಯಿ ಚಂದ್ರಮತಿಯನ್ನೂ ಜನ್ಮಜನ್ಮಗಳಲ್ಲಿ ಅಲೆಸುತ್ತದೆ. ಆ ಭವಾವಳಿಯಷ್ಟನ್ನೇ ನೋಡಿದರೆ ಗೋಶಾಲನ ನೂಲಿನ ಉಂಡೆಯ ನೆನಪಾಗುತ್ತದೆ. ಆದರೆ ಅದನ್ನು ಉರುಳಿಸಿದ್ದು ಒಂದು ಸಂಕಲ್ಪ. ಅಭಯರುಚಿಯಿಂದ ಆ ಕಥೆಯನ್ನು ಕೇಳಿದ ಮಾರಿದತ್ತ ಬಲಿಯನ್ನು ಕೈಬಿಡುವುದೂ ಇನ್ನೊಂದು ಸಂಕಲ್ಪದಿಂದಲೇ. ಆಜೀವಿಕರ ಶಾಸ್ತ್ರದಲ್ಲಿ, ಅದರ ಎದುರಾಳಿಗಳು ಹೇಳುವಷ್ಟರ ಮಟ್ಟಿಗೆ, ಮಾರಿದತ್ತನ ಈ ಗಳಿಗೆಗೆ ಅರ್ಥವಿಲ್ಲ. ಜೈನ ಕಥನಪರಂಪರೆಯ ಪಾಲಿಗೆ ಕಥೆಯನ್ನು ಹೇಳುವುದರ ಪ್ರಯೋಜನವೇ ಆ ಗಳಿಗೆಯಲ್ಲಿದೆ.