ವಲಸಿಗ: ಕ್ರಿಯೆಯೊಂದು ಗುರುತಾದ ಬಗೆ

'ವಲಸೆ' ಎಂಬುದು ಒಂದು ನೆಲೆಯನ್ನು ಬಿಟ್ಟು ಇನ್ನೊಂದನ್ನು ಸೇರುವುದರೊಂದಿಗೆ ಮುಗಿಯುವ ಕ್ರಿಯೆಯ ಹೆಸರು. ತೆಲುಗಿನಲ್ಲಿ ಇದರ ಸೋದರ ಪದವಾದ 'ವಲಸ'ಕ್ಕೆ ಸಿ. ಪಿ. ಬ್ರೌನ್ ತಮ್ಮ ನಿಘಂಟಿನಲ್ಲಿ ಶತ್ರುಸೈನ್ಯಕ್ಕೆ ಹೆದರಿ ಮನೆಮಠ ತೊರೆಯುವುದು ಎಂಬ ಅರ್ಥವನ್ನೂ ಕೊಟ್ಟಿರುವುದರಿಂದ, ಈ ಪದವು ಜನರ ಸ್ವಭಾವವನ್ನಲ್ಲ, ಅವರಿಗೆ ಒದಗಿದ ಸಂಕಟವನ್ನು ಹೇಳುತ್ತಿದ್ದುದು ತಿಳಿಯುತ್ತದೆ. ಆದರೆ 'ವಲಸೆ'ಗೆ 'ಇಗ' ಎಂಬ ತದ್ಧಿತ ಪ್ರತ್ಯಯ, ಎಂದರೆ ನಾಮಪದಕ್ಕೆ ಹತ್ತಿ ಹೊಸ ನಾಮಪದವನ್ನು ಉಂಟುಮಾಡುವ ಪ್ರತ್ಯಯ, ಸೇರಿದಾಗ ಅರ್ಥವು ಬೇರೆ ದಾರಿ ಹಿಡಿಯುತ್ತದೆ. ಗಾಣಿಗ, ಕನ್ನಡಿಗ ಎಂಬಲ್ಲಿ ಕಸುಬನ್ನೋ ನುಡಿಯನ್ನೋ ಸ್ಥಿರವಾದ ಗುರುತಾಗಿಸುವ ಅದೇ ಪ್ರತ್ಯಯವು, ಎಂದೋ ಒಮ್ಮೆ ನಡೆದು ಮುಗಿದ ಪ್ರಯಾಣವನ್ನು 'ವಲಸಿಗ'ನ ಬೆನ್ನಿಗೆ ಬಾಳಿನುದ್ದಕ್ಕೂ ಕಟ್ಟುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆ ದುಡಿಮೆಗಾಗಿ ಊರು ಬಿಡುವುದನ್ನು 'ಗುಳೆ ಹೋಗುವುದು' ಎನ್ನುವ ಜನ, ಹಾಗೆ ಹೋದವರನ್ನು 'ಗುಳೆ ಹೋದವರು' ಎಂದಷ್ಟೇ ಕರೆಯುವುದರಿಂದ, ಅಲ್ಲಿ ಹೋದವರು ಮರಳುವ ಸಾಧ್ಯತೆಯು ಮಾತಿನಲ್ಲಿಯೇ ಉಳಿದಿದೆ.

ಒಂದು ಕ್ರಿಯೆಯು ಗುರುತಾಗಿ, ಆ ಗುರುತು ಮಕ್ಕಳಿಗೂ ಇಳಿಯುವುದನ್ನು ಜರ್ಮನಿಯ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣಬಹುದು. ಪಶ್ಚಿಮ ಜರ್ಮನಿಯು 1955ರಲ್ಲಿ ಇಟಲಿಯೊಡನೆ, 1961ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕರೆಸಿಕೊಂಡ ದುಡಿಮೆಗಾರರನ್ನು 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕಾರ್ಮಿಕರು, ಎಂದು ಕರೆಯಲಾಯಿತು. 1973ರಲ್ಲಿ ನೇಮಕಾತಿಯು ನಿಂತ ಮೇಲೂ ಅವರಲ್ಲಿ ಅನೇಕರು ಅಲ್ಲಿಯೇ ನೆಲೆಸಿ ಸಂಸಾರವನ್ನು ಕರೆಸಿಕೊಂಡುದರಿಂದ ಆ ಹೆಸರು ಹೊಂದದಾಯಿತು. 2005ರ ಮಾದರಿ ಗಣತಿಯಲ್ಲಿ ಅಧಿಕೃತವಾಗಿ ಬಳಕೆಗೆ ಬಂದ 'ವಲಸೆಯ ಹಿನ್ನೆಲೆಯುಳ್ಳವರು' ಎಂಬ ವರ್ಗವಾದರೋ ತಂದೆತಾಯಿಯರಲ್ಲಿ ಒಬ್ಬರಾದರೂ ಹುಟ್ಟಿನಿಂದ ಜರ್ಮನ್ ಪೌರರಲ್ಲದಿದ್ದರೆ ಅವರ ಮಕ್ಕಳನ್ನೂ ಒಳಗೊಂಡಿತು. ಹೀಗೆ ಬರ್ಲಿನ್ನಿನಲ್ಲಿಯೇ ಹುಟ್ಟಿ, ಜರ್ಮನ್ ಪೌರತ್ವವನ್ನೂ ಪಡೆದ ಬಾಲಕಿಯೊಬ್ಬಳು ತಾನು ಮಾಡದ ಪ್ರಯಾಣದ ಹೆಸರಿನಿಂದ ಎಣಿಕೆಗೆ ಸೇರುವಂತಾಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯೇ 2021ರಲ್ಲಿ 'ವಲಸೆಯ ಹಿನ್ನೆಲೆ' ಎಂಬ ಪದವನ್ನು ಕೈಬಿಡುವಂತೆ ಸಲಹೆ ಮಾಡಿತು.

ಹದಿಹರೆಯದ ವಿದ್ಯಾರ್ಥಿಗಳು ವಲಸಿಗರನ್ನು ಕುರಿತು ತಳೆಯುವ ಮನೋಭಾವವನ್ನು ಅಳೆಯುವಾಗ ಪದದ ಈ ಹರವು ಮುಖ್ಯವಾಗುತ್ತದೆ. 2009, 2016 ಮತ್ತು 2022ರಲ್ಲಿ ನಡೆದ ಅಂತರರಾಷ್ಟ್ರೀಯ ಪೌರಶಿಕ್ಷಣ ಅಧ್ಯಯನವು ಸುಮಾರು 14 ವರ್ಷದ, ಎಂಟನೆಯ ತರಗತಿಯ ಮಕ್ಕಳ ಮುಂದೆ ವಲಸಿಗರ ಹಕ್ಕುಗಳನ್ನು ಕುರಿತ ಹೇಳಿಕೆಗಳನ್ನಿಟ್ಟು ಸಮ್ಮತಿಯನ್ನು ಕೇಳಿತು. ವಲಸಿಗರ ಮಕ್ಕಳಿಗೆ ಸಮಾನ ಶಿಕ್ಷಣ ದೊರೆಯಬೇಕೆಂಬುದಕ್ಕೆ ಬಹುಪಾಲು ಮಕ್ಕಳು ಒಪ್ಪಿದರೆ, ಮತದಾನದ ಹಕ್ಕು ಮತ್ತು ಸ್ವಂತ ಆಚಾರಗಳ ಪಾಲನೆಯ ವಿಷಯದಲ್ಲಿ ಆ ಒಪ್ಪಿಗೆಯು ಇಳಿಯುತ್ತದೆ. ಹುಡುಗರಿಗಿಂತ ಹುಡುಗಿಯರಲ್ಲಿ, ಉಳಿದವರಿಗಿಂತ ವಲಸೆ ಬಂದ ಕುಟುಂಬಗಳ ಮಕ್ಕಳಲ್ಲಿ ಅನುಕೂಲಕರ ಮನೋಭಾವವು ಹೆಚ್ಚಾಗಿ ಕಂಡುಬಂದಿದೆ. ಆದರೆ 'ವಲಸಿಗ' ಎಂದಾಗ ಒಬ್ಬ ವಿದ್ಯಾರ್ಥಿಯ ಕಣ್ಣಮುಂದೆ ಪಕ್ಕದ ಬೆಂಚಿನ ಗೆಳೆಯನೂ ಇನ್ನೊಬ್ಬನ ಕಣ್ಣಮುಂದೆ ಸುದ್ದಿಯಲ್ಲಿ ಕಂಡ ನಿರಾಶ್ರಿತರ ದೋಣಿಯೂ ಬರಬಹುದಾದುದರಿಂದ, ಒಂದೇ ಬಗೆಯ ಉತ್ತರದ ಹಿಂದೆ ಬೇರೆ ಬೇರೆ ವ್ಯಕ್ತಿಗಳಿರುತ್ತಾರೆ.

ಪಕ್ಕದ ಬೆಂಚಿನ ಪರಿಚಯವೂ ತನ್ನಷ್ಟಕ್ಕೆ ಸಾಲದು. ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಮಂಡಿಸಿದ ಸಂಪರ್ಕ ಸಿದ್ಧಾಂತದ ಪ್ರಕಾರ, ಎರಡು ಗುಂಪುಗಳವರ ಒಡನಾಟವು ಪೂರ್ವಗ್ರಹವನ್ನು ತಗ್ಗಿಸಬೇಕಾದರೆ ಆ ಒಡನಾಟದಲ್ಲಿ ಸಮಾನ ಸ್ಥಾನ, ಸಮಾನ ಗುರಿ, ಸಹಕಾರ ಮತ್ತು ಸಂಸ್ಥೆಯ ಬೆಂಬಲ ಇರಬೇಕು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿಯ ನಂತರವೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುವ ವ್ಯವಸ್ಥೆಯಿದ್ದು, ವಲಸೆ ಬಂದವರ ಮಕ್ಕಳು ಕೆಳಹಂತದವೆಂದು ಎಣಿಸಲ್ಪಡುವ ಶಾಲೆಗಳಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತ ಬಂದಿರುವುದರಿಂದ, ಸಮಾನ ಸ್ಥಾನವೆಂಬ ಮೊದಲ ಷರತ್ತಿಗೇ ಶಾಲೆಯು ಅಡ್ಡಿಯಾಗುತ್ತದೆ. ಆದುದರಿಂದ ಹದಿಹರೆಯದವರ ಅಸಹನೆಯನ್ನಾಗಲಿ ಔದಾರ್ಯವನ್ನಾಗಲಿ ಅವರ ಸ್ವಂತದ್ದೆಂದು ತೀರ್ಮಾನಿಸುವ ಮೊದಲು, ಯಾವ ತಲೆಮಾರಿನವರೆಗೆ ಒಬ್ಬನನ್ನು ವಲಸಿಗನೆಂದು ಕರೆಯಬೇಕೆಂಬುದನ್ನು ಹಿರಿಯರು, ಗಣತಿಗಳು ಮತ್ತು ಶಾಲೆಗಳು ಆ ಮಕ್ಕಳಿಗೆ ಹೇಗೆ ಕಲಿಸಿವೆ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.