ಬಹುವ್ರೀಹಿ ಇಂಗ್ಲಿಷಿಗೆ ಹೋದ ಕಥೆ

ಎಂಟನೇ ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಹಲಗೆಯ ಮೇಲೆ ‘ಮುಕ್ಕಣ್ಣ’ ಎಂದು ಬರೆದು, ‘ಮೂರು ಕಣ್ಣು ಉಳ್ಳವನು ಯಾರೋ ಅವನು’ ಎಂದು ಬಿಡಿಸಿ ಬಹುವ್ರೀಹಿ ಸಮಾಸ ಕಲಿಸಿದ್ದರು. ನಾನು ಅದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದೆ, ಅಷ್ಟೆ. ಮುಂದೆ ಎಂಜಿನಿಯರಿಂಗ್ ಸೇರಿದಾಗ ಇಂಗ್ಲಿಷ್ ಬಾರದೆ ತಡವರಿಸಿದೆ. ಕನ್ನಡ ಮಾಧ್ಯಮದಲ್ಲಿ ಓದಿದವನು ಎಂದು ಹೇಳಿಕೊಳ್ಳಲು ನಾಚಿ, ಮೊದಲ ವರ್ಷವಿಡೀ ತರಗತಿಯಲ್ಲಿ ಬಾಯಿಬಿಡಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಪದ ಹುಡುಕುವ ತಂತ್ರಾಂಶವೊಂದು ನನ್ನ ಪಾಲಿಗೆ ಬಂತು. ‘ಕನೆಕ್ಟೆಡ್’, ‘ಕನೆಕ್ಟಿಂಗ್’, ‘ಕನೆಕ್ಷನ್’ ಮೂರರ ಬಾಲ ಕಳಚಿ ‘ಕನೆಕ್ಟ್’ ಉಳಿಸುವ ವಿಧಾನವನ್ನು ಮಾರ್ಟಿನ್ ಪೋರ್ಟರ್ 1980ರಲ್ಲಿ ಪ್ರಕಟಿಸಿದ್ದರು. ಇದು ಪ್ರಕೃತಿ, ಪ್ರತ್ಯಯಗಳ ಪಾಠವಲ್ಲವೇ ಎನಿಸಿತು. ಹೆಚ್ಚು ತಿಳಿಯಲು ಭಾಷಾವಿಜ್ಞಾನದ ಪುಸ್ತಕ ತೆರೆದರೆ, ಇಂಗ್ಲಿಷ್ ಪದರಚನೆಯ ಅಧ್ಯಾಯದಲ್ಲೇ ಬಹುವ್ರೀಹಿ, ದ್ವಂದ್ವ, ತತ್ಪುರುಷ ಎಂಬ ಹೆಸರುಗಳಿದ್ದವು!

ಅವು ಅಲ್ಲಿಗೆ ಹೋದದ್ದು ಹೀಗೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. 1808ರಲ್ಲಿ ಚಾರ್ಲ್ಸ್ ವಿಲ್ಕಿನ್ಸ್ ಇಂಗ್ಲಿಷಿನಲ್ಲಿ ಸಂಸ್ಕೃತ ವ್ಯಾಕರಣ ಪ್ರಕಟಿಸಿದರು. 1816ರಲ್ಲಿ ಜರ್ಮನಿಯ ಫ್ರಾಂಜ್ ಬಾಪ್ ಈ ಭಾಷೆಗಳ ಕ್ರಿಯಾಪದಗಳನ್ನು ಹೋಲಿಸಿ ಬರೆದರು. ಪದವನ್ನು ಧಾತು, ಪ್ರತ್ಯಯಗಳಾಗಿ ಬಿಡಿಸುವ ಪಾಣಿನಿಯ ಕ್ರಮ ಹೀಗೆ ಯುರೋಪಿನ ವಿದ್ವಾಂಸರಿಗೆ ಪರಿಚಯವಾಯಿತು. ಪದರಚನೆಯ ಅಧ್ಯಯನಕ್ಕೆ ‘ಮಾರ್ಫಾಲಜಿ’ ಎಂಬ ಹೆಸರನ್ನು 1859ರಲ್ಲಿ ಆಗಸ್ಟ್ ಶ್ಲೈಖರ್ ಬಳಸಿದರು. ಪಾಣಿನಿಯನ್ನು ಅಭ್ಯಾಸ ಮಾಡಿದ್ದ ಅಮೆರಿಕದ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರ ತಮ್ಮ ‘ಲಾಂಗ್ವೇಜ್’ ಗ್ರಂಥದಲ್ಲಿ ಸಮಾಸಗಳ ಸಂಸ್ಕೃತ ಹೆಸರುಗಳನ್ನೇ ಎತ್ತಿಕೊಂಡರು.

ಉದಾಹರಣೆಗೆ, ‘ಸನ್‌ಲೈಟ್’ ಎಂದರೆ ಸೂರ್ಯನ ಬೆಳಕು, ಅದು ತತ್ಪುರುಷ. ‘ಬಿಟರ್‌ಸ್ವೀಟ್’ ಕಹಿಯೂ ಹೌದು, ಸಿಹಿಯೂ ಹೌದು. ಅದನ್ನು ದ್ವಂದ್ವ ಎನ್ನುತ್ತಾರೆ. ‘ರೆಡ್‌ಹೆಡ್’ ಕೆಂಪು ತಲೆಯಲ್ಲ, ಕೆಂಗೂದಲು ಉಳ್ಳವರು ಯಾರೋ ಅವರು. ನಮ್ಮ ಮುಕ್ಕಣ್ಣನ ಹಾಗೆಯೇ ಬಹುವ್ರೀಹಿ.

ಇದೇ ಪರಿಭಾಷೆಯಿಂದ ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡವನ್ನು ವಿವರಿಸಿದ. ಆ ಪರಂಪರೆಯ ಒಂದು ಎಳೆ ನಮ್ಮ ಶಾಲೆಯ ಹಲಗೆಯವರೆಗೂ ಬಂದಿತ್ತು. ನಾಚಿ ಮುಚ್ಚಿಟ್ಟಿದ್ದ ಪಾಠವೇ ನನಗೆ ಇಂಗ್ಲಿಷಿನ ಬಾಗಿಲು ತೆರೆಯಿತು.

ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರೇ, ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ, ಅದು ಬೇಕೇ ಬೇಕು. ಆದರೆ ಕನ್ನಡ ವ್ಯಾಕರಣದ ಪಾಠ ನಡೆಯುವಾಗ ಕಿಟಕಿಯಾಚೆ ನೋಡಬೇಡಿ. ಐವತ್ತು ವರ್ಷ ತುಂಬಿದ ಈ ಶಾಲೆಗೂ, ಸಮಾಸ ಬಿಡಿಸಲು ಕಲಿಸಿದ ಮೇಷ್ಟ್ರಿಗೂ ನನ್ನ ನಮಸ್ಕಾರ.