ಹಾರಿಸಿದ್ದು ಸರಿ, ಇಳಿಸೋದು ಯಾರು?

ಅವತ್ತು 2023ರ ಅಕ್ಟೋಬರ್ 21, ಶನಿವಾರ. ಬೆಳಗ್ಗೆ ಬೇಗನೇ ಸ್ಟುಡಿಯೋದಲ್ಲಿ ಕೂತಿದ್ದೆ. ಶ್ರೀಹರಿಕೋಟಾದಿಂದ ಗಗನಯಾನದ ಮೊದಲ ಪರೀಕ್ಷಾ ವಾಹನ ಟಿವಿ-ಡಿ1 ಹಾರಬೇಕಿತ್ತು. ಕೌಂಟ್‌ಡೌನ್ ನಡೀತಿತ್ತು. ಇನ್ನೇನು ಐದೇ ಸೆಕೆಂಡ್ ಅನ್ನುವಾಗ ಕಂಪ್ಯೂಟರ್ ತಾನಾಗಿಯೇ ಎಲ್ಲವನ್ನೂ ನಿಲ್ಲಿಸಿಬಿಡ್ತು. ಮತ್ತೆ ಕಾದೆವು. ಕೊನೆಗೆ ಹತ್ತು ಗಂಟೆಗೆ ರಾಕೆಟ್ ಹಾರಿತು. ಸ್ಟುಡಿಯೋದಲ್ಲಿ ಚಪ್ಪಾಳೆ. ಅಷ್ಟರಲ್ಲಿ ನನ್ನ ಇಯರ್‌ಪೀಸ್‌ನಲ್ಲಿ ಒಂದು ದನಿ: "ಹಾರಿಯಾಯ್ತಲ್ಲ ಸರ್, ಬ್ರೇಕ್ ತಗೊಳ್ಳೋಣ್ವಾ?"

ನಾನು ತಲೆ ಅಲ್ಲಾಡಿಸಿದೆ. ಬೇಡ. ಯಾಕೆಂದರೆ ಅಸಲಿ ಪರೀಕ್ಷೆ ಇನ್ನೂ ಶುರುವೇ ಆಗಿರಲಿಲ್ಲ. ಆ ದಿನ ಇಸ್ರೋ ನೋಡಬೇಕಾಗಿದ್ದದ್ದು ರಾಕೆಟ್ ಏರುತ್ತಾ ಅನ್ನೋದನ್ನಲ್ಲ. ಸುಮಾರು 17 ಕಿಲೋಮೀಟರ್ ಎತ್ತರದಲ್ಲಿ ಕಳಚಿಕೊಂಡ ಆ ಕೋಶ, ನಾಳೆ ನಮ್ಮ ಗಗನಯಾತ್ರಿಗಳು ಕೂರಬೇಕಾದ ಕೋಶ, ಒಂದಾದ ಮೇಲೊಂದು ಪ್ಯಾರಾಚೂಟ್ ಬಿಚ್ಚಿಕೊಂಡು ಸಮುದ್ರಕ್ಕೆ ಸುರಕ್ಷಿತವಾಗಿ ಇಳಿಯುತ್ತಾ? ಪ್ರಶ್ನೆ ಅದು. ಹೆಚ್ಚು ಕಡಿಮೆ ಒಂಬತ್ತು ನಿಮಿಷ. ಬ್ರೇಕ್ ಇಲ್ಲದೆ ತೋರಿಸಿದೆವು. ಕೋಶ ಬಂಗಾಳ ಕೊಲ್ಲಿಗೆ ಇಳಿಯಿತು, ನೌಕಾಪಡೆ ಹೋಗಿ ಎತ್ತಿ ತಂದಿತು.

ಅಷ್ಟೊಂದು ಹಠ ಯಾಕೆ ಹಿಡಿದೆ ಅಂತ ಆಮೇಲೆ ಸಹೋದ್ಯೋಗಿಗಳು ಕೇಳಿದರು. ಅದಕ್ಕೊಂದು ಹಳೆಯ ಕಥೆ ಇದೆ. ನನ್ನದೇ ತಪ್ಪಿನ ಕಥೆ.

ಇಂಜಿನಿಯರಿಂಗ್ ಮೂರನೇ ವರ್ಷ. ಕಾಲೇಜಿನ ಟೆಕ್ ಫೆಸ್ಟ್. ನಾವು ನಾಲ್ವರು ಗೆಳೆಯರು ಸೇರಿ ನೀರಿನ ರಾಕೆಟ್ ಮಾಡಿದ್ದೆವು. ಎರಡು ಲೀಟರ್‌ನ ಕೂಲ್‌ಡ್ರಿಂಕ್ ಬಾಟಲಿ, ಪ್ಲೈವುಡ್ ರೆಕ್ಕೆ, ಮೂರನೇ ಒಂದು ಭಾಗ ನೀರು, ಸೈಕಲ್ ಪಂಪ್. ಕಸದ ಚೀಲ ಕತ್ತರಿಸಿ ಪ್ಯಾರಾಚೂಟನ್ನೂ ಮಾಡಿದ್ದೆವು, ಎಂಟು ದಾರ ಕಟ್ಟಿ. ಆ ದಾರಗಳನ್ನು ರಾಕೆಟ್ಟಿನ ಮೂತಿಗೆ ಕಟ್ಟಿದವನು ನಾನು. ಮೂತಿಯಿಂದ ಬಾಟಲಿಗೆ ಇನ್ನೊಂದು ದಾರ ಹೋಗಬೇಕಿತ್ತು. ಅದನ್ನು ಗಂಟು ಹಾಕುವಷ್ಟು ತಾಳ್ಮೆ ಇರಲಿಲ್ಲ. ಪ್ಯಾಕಿಂಗ್ ಟೇಪ್ ಹಚ್ಚಿದೆ.

ಏನಾಯ್ತು ಗೊತ್ತಾ? ರಾಕೆಟ್ ಚೆನ್ನಾಗೇ ಹಾರಿತು. ಮೇಲೆ ಹೋಗಿ ಮೂತಿ ಕಳಚಿತು, ಪ್ಯಾರಾಚೂಟ್ ಅರಳಿತು. ಇಡೀ ಮೈದಾನ ಸಿಳ್ಳೆ ಹೊಡೆಯಿತು. ಎಲ್ಲರ ಕಣ್ಣು ತೇಲುತ್ತಿದ್ದ ಆ ಕಪ್ಪು ಕೊಡೆಯ ಮೇಲೆ. ಆದರೆ ಅದರ ಕೆಳಗೆ ನೇತಾಡುತ್ತಿದ್ದದ್ದು ಬರೀ ಮೂತಿ! ಟೇಪ್ ಕಿತ್ತುಕೊಂಡು ಬಾಟಲಿ ಬೇರೆಯಾಗಿತ್ತು. ರೆಕ್ಕೆಗಳ ಸಮೇತ ಅದು ಕಲ್ಲಿನ ಹಾಗೆ ಬಂದು, ಗೇಟಿನ ಹತ್ತಿರ ಟೀ ಕುಡಿಯುತ್ತಿದ್ದ ವಾಚ್‌ಮನ್ ಒಬ್ಬರಿಂದ ಎರಡೇ ಅಡಿ ಆಚೆ ಬಿತ್ತು. ಅವರ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ನಾನು ಓಡಿ ಹೋದೆ. ಅವರು ಬೈಯಲಿಲ್ಲ. ಮುರಿದ ಬಾಟಲಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಮೇಲೆ ಬಿಡೋಕೆ ಮುಂಚೆ ಕೆಳಗೆ ಯಾರಿದ್ದಾರೆ ನೋಡ್ಕೊಳ್ಳಪ್ಪಾ" ಅಂದರು. ಅಷ್ಟೇ.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಪುಟಾಣಿ ರಾಕೆಟ್‌ಗಳ ಇತಿಹಾಸ ಓದುತ್ತಾ ಹೋದಾಗ ಗೊತ್ತಾಯ್ತು, ಈ ಹವ್ಯಾಸ ಹುಟ್ಟಿದ್ದೇ ಅದೇ ಕಾಳಜಿಯಿಂದ ಅಂತ. ಬನ್ನಿ, ಕಥೆ ಹೇಳ್ತೀನಿ.

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ನಾರ್ಫೋಕ್ ಅಂತ ಒಂದು ಸಣ್ಣ ಊರು. ಅಲ್ಲಿ ಆರ್ವಿಲ್ ಕಾರ್ಲೈಲ್ ಅನ್ನುವವರು ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದರು. ಹೌದು, ಚಪ್ಪಲಿ ಅಂಗಡಿ! ಆದರೆ ಅವರಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಪಟಾಕಿ, ಬಾಣಬಿರುಸು. ಅದಕ್ಕೆ ಪರವಾನಗಿಯನ್ನೂ ಪಡೆದಿದ್ದರು. ಅವರ ಸಹೋದರ ರಾಬರ್ಟ್‌ಗೆ ಮಾದರಿ ವಿಮಾನಗಳ ಹುಚ್ಚು. ರಾಕೆಟ್ ಹೇಗೆ ಹಾರುತ್ತೆ ಅಂತ ಜನರಿಗೆ ಉಪನ್ಯಾಸದಲ್ಲಿ ತೋರಿಸೋಕೆ ರಾಬರ್ಟ್‌ಗೆ ಒಂದು ಮಾದರಿ ಬೇಕಿತ್ತು. 1954ರಲ್ಲಿ ಆರ್ವಿಲ್ ಮಾಡಿಕೊಟ್ಟರು. ಅದರ ಹೆಸರು ರಾಕ್-ಎ-ಚೂಟ್. ಹೆಸರಿನಲ್ಲೇ ರಾಕೆಟ್ಟೂ ಇದೆ, ಪ್ಯಾರಾಚೂಟೂ ಇದೆ.

ನಮ್ಮ ದೀಪಾವಳಿಯ ರಾಕೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ದೀಪಾವಳಿಯ ರಾಕೆಟ್ ಹೋಗುತ್ತೆ, ಸಿಡಿಯುತ್ತೆ, ಮುಗೀತು. ಕಡ್ಡಿ ಯಾರ ಮನೆಯ ಹೆಂಚಿನ ಮೇಲೆ ಬಿತ್ತೋ ಯಾರಿಗೂ ಗೊತ್ತಿಲ್ಲ. ಕಾರ್ಲೈಲ್ ರಾಕೆಟ್ ಹಾಗಲ್ಲ. ಮೈ ಹಗುರ ಕಾಗದದ ಕೊಳವೆ. ಒಳಗೆ ಬದಲಾಯಿಸಬಹುದಾದ ಚಿಕ್ಕ ಇಂಜಿನ್. ಇಂಜಿನ್ ಉರಿದು ಮುಗಿದ ಮೇಲೂ ರಾಕೆಟ್ ಸ್ವಲ್ಪ ಹೊತ್ತು ವೇಗದ ಮೇಲೇ ಏರುತ್ತಿರುತ್ತೆ. ಆ ಹೊತ್ತಿನಲ್ಲಿ ಇಂಜಿನ್ನಿನೊಳಗೆ ನಿಧಾನವಾಗಿ ಉರಿಯುವ ಇನ್ನೊಂದು ಪದರ ಇರುತ್ತೆ. ಅದು ಮುಗಿದಾಗ ಮುಂದಕ್ಕೆ ಒಂದು ಪುಟ್ಟ ಸ್ಫೋಟ. ಆ ಅನಿಲದ ಒತ್ತಡಕ್ಕೆ ಮೂತಿ ಕಳಚಿ, ಪ್ಯಾರಾಚೂಟ್ ಹೊರಗೆ. ರಾಕೆಟ್ ತೇಲಿಕೊಂಡು ಇಳಿಯುತ್ತೆ. ಹೊಸ ಇಂಜಿನ್ ಹಾಕಿ, ಮತ್ತೆ ಹಾರಿಸಿ. 1958ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಆ ಮೊದಲ ರಾಕೆಟ್‌ಗಳು ಇವತ್ತು ಅಮೆರಿಕದ ಸ್ಮಿತ್‌ಸೋನಿಯನ್ ವೈಮಾನಿಕ ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿವೆ.

ಆದರೆ ಕಥೆ ಚಪ್ಪಲಿ ಅಂಗಡಿಯಲ್ಲೇ ನಿಂತುಬಿಡುತ್ತಿತ್ತೇನೋ. ಅಲ್ಲಿಗೆ ಬಂದರು ಎರಡನೇ ವ್ಯಕ್ತಿ, ಜಿ. ಹ್ಯಾರಿ ಸ್ಟೈನ್. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ಕೇಂದ್ರದಲ್ಲಿ ಇವರ ಕೆಲಸವೇ ಸುರಕ್ಷತೆ. ಹಾರಿದ್ದು ಎಲ್ಲಿ ಬೀಳುತ್ತೆ ಅಂತ ತಲೆ ಕೆಡಿಸಿಕೊಳ್ಳುವ ಕೆಲಸ. ಆ ಕೇಂದ್ರಕ್ಕೆ ಇದರ ಬೆಲೆ ಚೆನ್ನಾಗಿ ಗೊತ್ತಿತ್ತು. 1947ರ ಮೇ 29ರಂದು ಅಲ್ಲಿಂದ ಹಾರಿದ ಒಂದು ವಿ-2 ರಾಕೆಟ್ ದಾರಿ ತಪ್ಪಿ, ಗಡಿ ದಾಟಿ, ಪಕ್ಕದ ದೇಶ ಮೆಕ್ಸಿಕೋದ ಹುವಾರೆಸ್ ನಗರದ ಹತ್ತಿರ ಸ್ಮಶಾನವೊಂದರ ಬಳಿ ಬಿದ್ದಿತ್ತು. ಯಾರೂ ಸಾಯಲಿಲ್ಲ. ಅದೃಷ್ಟ, ಅಷ್ಟೇ.

ಸ್ಟೈನ್ ಪತ್ರಿಕೆಗಳಿಗೂ ಬರೆಯುತ್ತಿದ್ದರು. ಹುಡುಗರು ಮನೆಯಲ್ಲೇ ರಾಕೆಟ್ ಇಂಜಿನ್ ಮಾಡೋಕೆ ಹೋಗಿ ಅನಾಹುತ ಮಾಡಿಕೊಳ್ಳುತ್ತಿರುವ ಬಗ್ಗೆ ಅವರು ಬರೆದದ್ದನ್ನು ಕಾರ್ಲೈಲ್ ಓದಿದರು. 1957ರ ಜನವರಿಯಲ್ಲಿ ತಮ್ಮ ರಾಕೆಟ್‌ಗಳ ಮಾದರಿಯನ್ನೇ ಸ್ಟೈನ್‌ಗೆ ಕಳಿಸಿಬಿಟ್ಟರು. ನೋಡಿ, ಇದಕ್ಕೊಂದು ದಾರಿ ಇದೆ ಅಂತ. ಸ್ಟೈನ್ ಹಾರಿಸಿ ನೋಡಿದರು. ಹಾರಿತು. ಮುಖ್ಯವಾಗಿ, ವಾಪಸ್ ಬಂತು!

ಅದೇ ವರ್ಷ ಅಕ್ಟೋಬರ್ 4. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅಮೆರಿಕದ ಊರೂರಿನಲ್ಲಿ ಹುಡುಗರಿಗೆ ರಾಕೆಟ್ ಹುಚ್ಚು ಹಿಡಿಯಿತು. ವೆಸ್ಟ್ ವರ್ಜೀನಿಯಾದ ಕೋಲ್‌ವುಡ್ ಅನ್ನೋ ಕಲ್ಲಿದ್ದಲು ಗಣಿಯ ಊರಿನಲ್ಲಿ ಹೋಮರ್ ಹಿಕಮ್ ಅನ್ನುವ ಹುಡುಗನ ಮೊದಲ ರಾಕೆಟ್ ಹಾರಲೇ ಇಲ್ಲ. ಅಮ್ಮ ಕಟ್ಟಿಸಿದ್ದ ಗುಲಾಬಿ ತೋಟದ ಬೇಲಿ ಹಾರಿಹೋಯಿತು. ಆ ಹುಡುಗ ಮುಂದೆ ನಾಸಾ ಇಂಜಿನಿಯರ್ ಆದರು. 1999ರಲ್ಲಿ ಬಂದ 'ಅಕ್ಟೋಬರ್ ಸ್ಕೈ' ಅವರದೇ ಕಥೆ. ಸಿನಿಮಾ ನೋಡಿ ನಾವು ಚಪ್ಪಾಳೆ ತಟ್ಟಿದ್ದೇವೆ. ಆದರೆ ಬೆರಳು, ಕಣ್ಣು ಕಳೆದುಕೊಂಡ ಹುಡುಗರ ಮೇಲೆ ಯಾರೂ ಸಿನಿಮಾ ಮಾಡಲ್ಲ. ಮನೆಯ ನೆಲಮಾಳಿಗೆಯಲ್ಲಿ ಮದ್ದು ಅರೆಯುತ್ತಿದ್ದ ಇಂಥ ಹುಡುಗರಿಗೆ ಆಗ ಒಂದು ಅಡ್ಡಹೆಸರೇ ಇತ್ತು: 'ನೆಲಮಾಳಿಗೆ ಬಾಂಬರ್‌ಗಳು'.

ಈ ಹುಡುಗರಿಗೆ "ರಾಕೆಟ್ ಮುಟ್ಟಬೇಡಿ" ಅಂತ ಹೇಳೋದು ಸುಲಭವಿತ್ತು. ಸ್ಟೈನ್ ಹಾಗೆ ಹೇಳಲಿಲ್ಲ. ಹಾರಿಸಿ, ಆದರೆ ಮದ್ದು ನೀವು ಅರೆಯಬೇಡಿ, ಇಂಜಿನ್ ಕಾರ್ಖಾನೆಯಿಂದ ಬರಲಿ, ರಾಕೆಟ್ ನೀವು ಕಟ್ಟಿ ಅಂದರು. 1957ರಲ್ಲೇ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಹುಟ್ಟಿತು. ಸದಸ್ಯತ್ವ ಸಂಖ್ಯೆ ಒಂದು, ಚಪ್ಪಲಿ ಅಂಗಡಿಯ ಕಾರ್ಲೈಲ್. ಸಂಖ್ಯೆ ಎರಡು, ಸ್ಟೈನ್. ಇಂಜಿನ್‌ಗಳಿಗೆ ಬೇಡಿಕೆ ಎಷ್ಟಾಯಿತು ಅಂದರೆ ಕೈಯಲ್ಲಿ ಮಾಡಿ ಪೂರೈಸೋಕೆ ಆಗಲಿಲ್ಲ. ಆಗ ಡೆನ್ವರ್‌ನ ಪಟಾಕಿ ಮನೆತನದ ವರ್ನನ್ ಎಸ್ಟೆಸ್ ಒಂದು ಯಂತ್ರವನ್ನೇ ಕಟ್ಟಿದರು. ಅದಕ್ಕೆ 'ಮೇಬಲ್' ಅಂತ ಹೆಸರಿಟ್ಟರು. ಕೆಲವೇ ಸೆಕೆಂಡಿಗೆ ಒಂದು ಇಂಜಿನ್, ಎಲ್ಲವೂ ಒಂದೇ ಅಳತೆ. 1961ರಲ್ಲಿ ಎಸ್ಟೆಸ್ ಕಂಪನಿ ಕೊಲರಾಡೋದ ಪೆನ್ರೋಸ್‌ಗೆ ಹೋಯಿತು. ಅಲ್ಲಿಂದ ಈ ಹವ್ಯಾಸ ಜಗತ್ತಿಗೇ ಹರಡಿತು.

ಆ ಇಂಜಿನ್ ಮೇಲೆ ಒಂದು ಸಂಕೇತ ಇರುತ್ತೆ. ಉದಾಹರಣೆಗೆ ಸಿ6-5. ಅಕ್ಷರ ಒಟ್ಟು ಶಕ್ತಿ ಹೇಳುತ್ತೆ. ಎ ಗಿಂತ ಬಿ, ಬಿ ಗಿಂತ ಸಿ, ಹೀಗೆ ಗರಿಷ್ಠ ಮಿತಿ ಪ್ರತಿ ಸಲ ಎರಡು ಪಟ್ಟು. 6 ಅಂದರೆ ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಕೊನೆಯ 5? ಇಂಜಿನ್ ಉರಿದ ಮೇಲೆ ಪ್ಯಾರಾಚೂಟ್ ಹೊರಬರೋಕೆ ಎಷ್ಟು ಸೆಕೆಂಡ್ ಅಂತ. ಅಂದರೆ ಮೂರರಲ್ಲಿ ಒಂದು ಮಾಹಿತಿ ಇಳಿಯೋದಕ್ಕೇ ಮೀಸಲು! ಅದು ತಪ್ಪಿದರೆ, ರಾಕೆಟ್ ಇನ್ನೂ ವೇಗವಾಗಿರುವಾಗಲೇ ಪ್ಯಾರಾಚೂಟ್ ಬಿಚ್ಚಿಕೊಂಡು ಎಲ್ಲಾ ಹರಿದುಹೋಗುತ್ತೆ.

ಈಗ ಬರ್ತೀನಿ ನನ್ನ ಪಾಪದ ವಿಷಯಕ್ಕೆ. ದಾರ. ಮೂತಿಯನ್ನೂ ಕೊಳವೆಯನ್ನೂ ಹಿಡಿದಿಡುವ ಈ ದಾರಕ್ಕೆ ಶಾಕ್ ಕಾರ್ಡ್ ಅಂತಾರೆ. ಇಡೀ ರಾಕೆಟ್ಟಿನಲ್ಲಿ ಅತಿ ಅಗ್ಗದ ಭಾಗ, ಅತಿ ಹೆಚ್ಚು ಕಷ್ಟಪಡುವ ಭಾಗ. ಕಣ್ಣು ಮಿಟುಕಿಸುವಷ್ಟರಲ್ಲಿ ಮೂತಿ ಒಂದು ಕಡೆ, ಕೊಳವೆ ಒಂದು ಕಡೆ ಎಸೆಯಲ್ಪಡುತ್ತೆ. ಆ ಜಗ್ಗಾಟವನ್ನು ಈ ದಾರವೇ ತಾಳಬೇಕು. ಎಸ್ಟೆಸ್ ಕಿಟ್‌ಗಳಲ್ಲಿ ಒಂದು ಸರಳ ಉಪಾಯ. ಕಾಗದದ ತುಂಡಿನ ಮೇಲೆ ದಾರ ಇಟ್ಟು, ಗೋಂದು ಹಚ್ಚಿ ಮೂರು ಮಡಿಕೆ ಮಡಚಿ, ಕೊಳವೆಯ ಒಳಗೋಡೆಗೆ ಅಂಟಿಸೋದು. ತುದಿಗಲ್ಲ, ಸ್ವಲ್ಪ ಒಳಗೆ. ಇಲ್ಲದಿದ್ದರೆ ಮೂತಿ ಸರಿಯಾಗಿ ಕೂರಲ್ಲ.

ದಾರ ಯಾವುದು? ರಬ್ಬರ್ ಆದರೆ ಜಗ್ಗುತ್ತೆ, ಒಳ್ಳೆಯದು. ಆದರೆ ಬಿಸಿ ಅನಿಲಕ್ಕೆ ಸುಟ್ಟು, ಗಟ್ಟಿಯಾಗಿ, ಒಂದು ದಿನ ಪಟ್ ಅನ್ನುತ್ತೆ. ಕೆವ್ಲಾರ್ ಆದರೆ ಬೆಂಕಿಗೆ ಹೆದರಲ್ಲ. ಆದರೆ ಜಗ್ಗಲ್ಲ, ಜೋರಾಗಿ ಎಳೆದಾಗ ಕಾಗದದ ಕೊಳವೆಯನ್ನೇ ಜಿಪ್ ತೆಗೆದ ಹಾಗೆ ಸೀಳಿಬಿಡುತ್ತೆ. ಹವ್ಯಾಸಿಗಳು ಇದಕ್ಕೆ 'ಜಿಪ್ಪರ್' ಅಂತಲೇ ಕರೀತಾರೆ. ಎಲಾಸ್ಟಿಕ್ ದಾರ ಗಿಡ್ಡ ಆದರೆ ಮೂತಿ ವಾಪಸ್ ಚಿಮ್ಮಿ ಬಂದು ಕೊಳವೆಯ ಅಂಚಿಗೆ ಗುದ್ದುತ್ತೆ. ಆ ತಗ್ಗಿಗೂ ಒಂದು ಹೆಸರಿದೆ, 'ಎಸ್ಟೆಸ್ ಡೆಂಟ್'. ಅದಕ್ಕೇ ಅನುಭವಿಗಳು ಉದ್ದ ದಾರ ಹಾಕ್ತಾರೆ, ಬೆಂಕಿಯ ಹತ್ತಿರ ಕೆವ್ಲಾರ್, ಮೇಲೆ ಎಲಾಸ್ಟಿಕ್ ಜೋಡಿಸ್ತಾರೆ, ಹಳೆಯದನ್ನು ಬದಲಾಯಿಸೋಕೆ ಆಗುವ ಹಾಗೆ ಕಟ್ತಾರೆ. ಪ್ಯಾರಾಚೂಟ್ ಕರಗದಿರಲಿ ಅಂತ ಬೆಂಕಿ ಹತ್ತದ ಕಾಗದವನ್ನು ನಡುವೆ ತುರುಕ್ತಾರೆ. ಪ್ರತಿ ಹಾರಾಟಕ್ಕೂ ಮುಂಚೆ ಒಂದು ಸಲ ಎಳೆದು ನೋಡ್ತಾರೆ. ನಾನು ಮಾಡದೇ ಇದ್ದದ್ದು ಇದನ್ನೇ, ಒಂದು ಸಲ ಎಳೆದು ನೋಡಲಿಲ್ಲ.

ಆ ಸಂಘದ ಸುರಕ್ಷತಾ ಸಂಹಿತೆಯಲ್ಲಿ ಒಂದು ನಿಯಮ ನನಗೆ ಬಹಳ ಇಷ್ಟ. ರಾಕೆಟ್ ವಿದ್ಯುತ್ ತಂತಿಗೋ ಎತ್ತರದ ಮರಕ್ಕೋ ಸಿಕ್ಕಿಕೊಂಡರೆ ತೆಗೆಯೋಕೆ ಹೋಗಬಾರದು. ಇಳಿಸೋದು ಮುಖ್ಯ. ಆದರೆ ಮನುಷ್ಯ ಅದಕ್ಕಿಂತ ಮುಖ್ಯ.

ರಾಕೆಟ್ ಅಂದಕೂಡಲೇ ನಾವು ಕನ್ನಡಿಗರು ಎದೆಯುಬ್ಬಿಸಿ ಮೈಸೂರಿನ ಹೆಸರು ಹೇಳ್ತೇವೆ. ಹೇಳಲೇಬೇಕು. ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್‌ಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷರನ್ನು ಬೆಚ್ಚಿಬೀಳಿಸಿದ್ದವು. ಅವನ್ನು ನೋಡಿಯೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ರಾಕೆಟ್ ಹುಟ್ಟಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ನಾಸಾದ ವಾಲಪ್ಸ್ ಕೇಂದ್ರದಲ್ಲಿ ಟಿಪ್ಪುವಿನ ಸೈನ್ಯ ರಾಕೆಟ್ ಹಾರಿಸುವ ಚಿತ್ರ ನೋಡಿ ಹೆಮ್ಮೆಪಟ್ಟದ್ದನ್ನು ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೆ ಅವು ಯುದ್ಧದ ರಾಕೆಟ್. ವಾಪಸ್ ಬರೋದು ಅವುಗಳ ಕೆಲಸವಾಗಿರಲಿಲ್ಲ.

ಅದೇ ಮಣ್ಣಿನಲ್ಲಿ ಇನ್ನೊಂದು ಅಧ್ಯಾಯವೂ ಬರೆಯಲ್ಪಟ್ಟಿದೆ. 2023ರ ಏಪ್ರಿಲ್ 2ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ, ಇಸ್ರೋದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿಯಿತು. ಚಕ್ರ ನೆಲ ಮುಟ್ಟಿದಾಗ ಹಿಂದಿನಿಂದ ಒಂದು ಪ್ಯಾರಾಚೂಟ್ ಅರಳಿತು. ಅವತ್ತು ಯಾವ ರಾಕೆಟ್ಟೂ ಹಾರಲಿಲ್ಲ. ಇಳಿಯೋದನ್ನು ಕಲಿಯೋಕೇ ಇಷ್ಟು ದೊಡ್ಡ ಏರ್ಪಾಡು.

ಶಾಲೆಗಳಲ್ಲಿ ಮಕ್ಕಳು ರಾಕೆಟ್ ಮಾದರಿ ತಂದು ತೋರಿಸ್ತಾರೆ. "ಸರ್, ಎಷ್ಟು ಎತ್ತರ ಹೋಗುತ್ತೆ ಗೊತ್ತಾ?" ಅಂತ ಉತ್ಸಾಹದಿಂದ ಹೇಳ್ತಾರೆ. ನಾನು ಮೆಚ್ಚಿಕೊಳ್ತೀನಿ. ಮನೆಯಲ್ಲಿ ಮದ್ದು ಗಿದ್ದು ಮುಟ್ಟಬೇಡಿ, ನೀರಿನ ರಾಕೆಟ್ಟೇ ಸಾಕು, ಅದನ್ನೂ ದೊಡ್ಡವರು ಜೊತೆಗಿದ್ದಾಗ ಹಾರಿಸಿ ಅಂತ ಹೇಳ್ತೀನಿ. ಆಮೇಲೆ ಮೂತಿಯನ್ನು ಮೆಲ್ಲಗೆ ತೆಗೆದು, ಒಳಗಿನ ದಾರ ಹಿಡಿದು ಒಂದು ಸಲ ಎಳೆದು ನೋಡ್ತೀನಿ. ಮಕ್ಕಳಿಗೆ ಆಶ್ಚರ್ಯ, ಈ ಟಿವಿಯವರು ಇದನ್ನೇಕೆ ನೋಡ್ತಿದ್ದಾರೆ ಅಂತ.

ಅವರಿಗೆ ಗೇಟಿನ ಹತ್ತಿರ ಟೀ ಕುಡಿಯುತ್ತಿದ್ದ ಆ ಮನುಷ್ಯನ ಕಥೆ ಹೇಳ್ತೀನಿ.